ಏಳು ಗೆರೆ ಎಣ್ಣೆ

ಅಡುಗೆಮನೆಯ ಪ್ಲಗ್ಗಿಗೆ ಚುಚ್ಚಿದ್ದ ಬಿಳಿ ಪೆಟ್ಟಿಗೆಯ ಮೇಲೆ ಡಿಂಪ್ನಾ ಪಾತ್ರೆ ಒರೆಸುವ ಬಟ್ಟೆ ಹೊದಿಸುತ್ತಿದ್ದಳು. ಗಂಡ ಫಿನ್‌ಬಾರ್ ಬಂದವನೇ ಅದನ್ನು ತೆಗೆದು ಮಡಚಿ ಪಕ್ಕಕ್ಕಿಡುತ್ತಿದ್ದ. ಅವನು ಹಸುಗಳ ಕಡೆ ಹೋದ ಕೂಡಲೇ ಇವಳು ಮತ್ತೆ ಹೊದಿಸುತ್ತಿದ್ದಳು. ಈ ಬಗ್ಗೆ ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವರಿಗೆ ಜಗಳಕ್ಕೆ ಮಾತೇ ಬೇಕೆಂದಿಲ್ಲ, ಒಂದು ತುಂಡು ಬಟ್ಟೆ ಸಾಕು.

ಪೆಟ್ಟಿಗೆಯ ಮುಖದಲ್ಲಿ ಹತ್ತು ಗೆರೆ. ಅದರಲ್ಲಿ ಏಳು ಬೆಳಗುತ್ತಿದ್ದವು. ಹಿತ್ತಲಿನ ಹಸಿರು ತೊಟ್ಟಿಯಲ್ಲಿ ಮನೆ ಬೆಚ್ಚಗಿಡುವ ಸೀಮೆಎಣ್ಣೆ ಎಷ್ಟು ಉಳಿದಿದೆ ಎಂದು ಹೇಳುವುದು ಅದರ ಕೆಲಸ. ತೊಟ್ಟಿಯ ನೆತ್ತಿಯ ಮೇಲೆ ಫಿನ್‌ಬಾರ್ ಒಂದು ಕಪ್ಪು ಸೆನ್ಸರ್ ಕೂರಿಸಿದ್ದ. ಮನುಷ್ಯರ ಕಿವಿಗೆ ಕೇಳದ ಸದ್ದೊಂದನ್ನು ಅದು ಕೆಳಕ್ಕೆ ಬಿಡುತ್ತದೆ. ಸದ್ದು ಎಣ್ಣೆಗೆ ತಾಗಿ ಮರಳಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ಎಣ್ಣೆ ಎಷ್ಟು ಕೆಳಗಿದೆ ಎಂದು ಲೆಕ್ಕ ಹಾಕುತ್ತದೆ. ಫಿನ್‌ಬಾರ್ ಇದನ್ನು ಅವಳಿಗೆ ವಿವರಿಸಿದ್ದು ಒಂದು ಸಲವಲ್ಲ. ಬಾವಲಿಗಳು ಕತ್ತಲಲ್ಲಿ ಹಾರುವುದೂ ಹೀಗೇ ಎಂದಿದ್ದ. ಬಾವಲಿಗಳು ಹೇಗಾದರೂ ಹಾರಿಕೊಳ್ಳಲಿ, ಡಿಂಪ್ನಾಳ ತಕರಾರು ಅದಲ್ಲ. ಸೆಪ್ಟೆಂಬರ್ ಕೊನೆಗೆ ಹತ್ತರಿಂದ ಏಳಕ್ಕಿಳಿದ ಗೆರೆ ನವೆಂಬರ್ ಬಂದರೂ ಏಳೇ ಇತ್ತು. ಬಾಯ್ಲರ್ ಮಾತ್ರ ಬೆಳಿಗ್ಗೆ ಸಂಜೆ ಗುರ್ರೆಂದು ಉರಿಯುತ್ತಲೇ ಇತ್ತು.

"ಉರಿಯೋದು ಎಣ್ಣೆ ತಾನೆ? ಉರಿದ್ರೆ ಇಳೀಬೇಕು ತಾನೆ?" ಎಂದು ಅವಳು ಕೇಳಿದಾಗ ಫಿನ್‌ಬಾರ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಅಟ್ಟದಲ್ಲಿ ಉಣ್ಣೆ ಹಾಸಿದ್ದು ಯಾರು? ನಾನು. ಚಿಮಣಿ ಮುಚ್ಚಿದ್ದು ಯಾರು? ನಾನು. ಶಾಖ ಹೊರಗೇ ಹೋಗ್ದಿದ್ಮೇಲೆ ಬಾಯ್ಲರ್ ಯಾಕಮ್ಮ ಎಣ್ಣೆ ಕುಡಿಯತ್ತೆ?"

"ಆರು ವಾರದಿಂದ ಒಂದು ತೊಟ್ಟೂ ಕುಡಿದಿಲ್ವಾ? ಗಾಳಿ ಕುಡ್ಕೊಂಡು ಉರೀತಿದೆಯಾ?"

"ಅಳತೆ ಮಾಡಿ ಹೇಳ್ತಿದೆ ಮಾರಾಯ್ತಿ. ನಿನ್ ಹಾಗೆ ಅನಿಸಿಕೆ ಮೇಲೆ ಹೇಳ್ತಿಲ್ಲ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕಂಡಿದ್ದೇವೆ. ಫಿನ್‌ಬಾರ್ ಆ ಮೂರು ಕಾಲಿನ ಮೊಲವನ್ನು ಊರೆಲ್ಲ ಹೊತ್ತು ತಿರುಗಿದ. ಹಾಲಿನ ಡೇರಿಯಲ್ಲಿ, ದನದ ಸಂತೆಯಲ್ಲಿ, ಭಾನುವಾರ ಚರ್ಚಿನ ಗೇಟಿನ ಹತ್ತಿರ, "ಆರು ವಾರ, ಏಳು ಗೆರೆ, ಒಂದು ಕೂದಲೆಳೆ ಇಳಿದಿಲ್ಲ" ಎಂದು ಹೇಳಿದ್ದೇ ಹೇಳಿದ್ದು. ಅವನ ಮಾತು ಕೇಳಿ ಊರಲ್ಲಿ ಇಬ್ಬರು ಅದೇ ಪೆಟ್ಟಿಗೆ ತರಿಸಿಕೊಂಡರು, ಒಬ್ಬ ಚಿಮಣಿಯನ್ನೂ ಮುಚ್ಚಿಸಿಕೊಂಡ.

ಡಿಂಪ್ನಾ ಸುಮ್ಮನೆ ಕೂರುವ ಹೆಂಗಸಲ್ಲ. ಮರದ ಸೌಟು ಹಿಡಿದು ಹಿತ್ತಲಿಗೆ ಹೋಗಿ ತೊಟ್ಟಿಯ ಹೊಟ್ಟೆಗೆ ಬಡಿದು ನೋಡಿದಳು. ಮೇಲಿನಿಂದ ಕೆಳಗಿನವರೆಗೂ ಖಾಲಿ ಡಬ್ಬದ ಸದ್ದು. ಬಂದು ಹೇಳಿದರೆ, "ಅದು ಎರಡು ಗೋಡೆಯ ತೊಟ್ಟಿ, ನಡುವೆ ಗಾಳಿ ಇದೆ, ಯಾವಾಗ್ಲೂ ಹಾಗೇ ಕೇಳತ್ತೆ" ಎಂದ. ಮೊದಲಾದರೆ ಮೇಲಿನ ಕಿಂಡಿ ತೆಗೆದು ಬಿದಿರು ಕೋಲು ಇಳಿಬಿಟ್ಟು ನೋಡಬಹುದಿತ್ತು. ಈಗ ಆ ಕಿಂಡಿಯ ಮೇಲೇ ಸೆನ್ಸರ್ ಕೂತಿತ್ತು, ಸುತ್ತ ಸಿಲಿಕಾನ್ ಅಂಟು ಮೆತ್ತಿತ್ತು. ಎಣ್ಣೆ ಹಾಕುವ ಇನ್ನೊಂದು ಬಾಯಿಗೆ ಬೀಗ. ಬೀಗದ ಕೈ ಅವನ ಜೇಬಿನಲ್ಲಿ. ಒಂದು ಸಲ ಕೊಡು ನೋಡುತ್ತೇನೆ ಎಂದರೆ ಗೆರೆ ಇರುವಾಗ ನೋಡುವುದೇನು ಎಂದು ನಕ್ಕ. ಆ ನಗು ಅವಳಿಗೆ ಮೈ ಉರಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಇಷ್ಟೆಲ್ಲ ಒದ್ದಾಟ ಏಕೆಂದರೆ ಆ ವರ್ಷ ಸ್ಟೇಷನ್ ಪೂಜೆ ಅವರ ಮನೆಯಲ್ಲಿತ್ತು. ಆ ಕಡೆಯ ಹಳ್ಳಿಗಳಲ್ಲಿ ಪಾದ್ರಿಗಳು ಸರದಿಯ ಮೇಲೆ ಒಂದೊಂದು ಮನೆಗೆ ಬಂದು ಬಲಿಪೂಜೆ ಮಾಡುತ್ತಾರೆ; ನೆರೆಹೊರೆಯವರೆಲ್ಲ ಆ ಮನೆಯಲ್ಲಿ ಸೇರುತ್ತಾರೆ. ಹಿಂದಿನ ಸಲ ಸರದಿ ಬಂದಾಗ ಅತ್ತೆ ಹ್ಯಾನಿ ಬದುಕಿದ್ದಳು. ಎಲ್ಲವನ್ನೂ ಅವಳೇ ನಡೆಸಿದಳು. ಡಿಂಪ್ನಾಳಿಗೆ ಸಿಕ್ಕಿದ್ದು ಕಪ್ಪು-ಬಸಿ ತೊಳೆಯುವ ಕೆಲಸ. ಬಂದವರಿಗೆಂದು ಬೇಯಿಸಿದ ಹಂದಿಮಾಂಸದ ಹ್ಯಾಮ್ ಸ್ವಲ್ಪ ಉಪ್ಪಾಗಿದೆ ಎಂದು ಡಿಂಪ್ನಾ ಮೆಲ್ಲಗೆ ಹೇಳಲು ಹೋದಾಗ ಹ್ಯಾನಿ ಎಲ್ಲರ ಮುಂದೆ, "ಪಾಪ, ಅವಳಿಗೇನು ತಿಳಿಯತ್ತೆ" ಅಂದಿದ್ದಳು. ಹ್ಯಾಮ್ ಉಪ್ಪಾಗಿಯೇ ಇತ್ತು, ಜನ ನೀರು ಕೇಳಿ ಕೇಳಿ ಕುಡಿದರು. ಆದರೂ ಡಿಂಪ್ನಾ ಹೇಳಿದ್ದಳು ಎಂದು ಒಬ್ಬರೂ ಅನ್ನಲಿಲ್ಲ, ಗಂಡನೂ ಅನ್ನಲಿಲ್ಲ.

ಹ್ಯಾನಿ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯೊಡತಿಯಾಗಿ ಡಿಂಪ್ನಾಳಿಗೆ ಇದು ಮೊದಲ ಪೂಜೆ. ಜನ ಬರಬೇಕು, ಬಾಗಿಲಲ್ಲೇ "ಅಬ್ಬ, ಎಷ್ಟು ಬೆಚ್ಚಗಿದೆ" ಎಂದು ಕೋಟು ಬಿಚ್ಚಿ ಅವಳ ಕೈಗೆ ಕೊಡಬೇಕು, ಇಷ್ಟೇ ಅವಳ ಆಸೆ. ಹಳೆಯ ಕಬ್ಬಿಣದ ಒಲೆಯನ್ನು ಫಿನ್‌ಬಾರ್ ಕಿತ್ತು ಮಾರಿದ್ದ, ಚಿಮಣಿಗೆ ಗಾರೆ ಹಾಕಿದ್ದ. ಬೆಚ್ಚಗೆ ಮಾಡುವುದಕ್ಕೆ ಮನೆಯಲ್ಲಿ ಆ ಸೀಮೆಎಣ್ಣೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕೊನೆಗೆ ಅವಳು ಗಂಡನಿಗೆ ಹೇಳದೆ ಎಣ್ಣೆ ಗಾಡಿಯ ಟೈಗ್‌ಗೆ ಫೋನ್ ಮಾಡಿದಳು. ಪೂಜೆ ಶನಿವಾರ, ಗುರುವಾರ ಬಂದು ಹಾಕಿ ಹೋಗು, ಬೀಗದ ಕೈಯನ್ನು ಫಿನ್‌ಬಾರ್ ಹತ್ತಿರ ಇಸಿದುಕೋ, ಏಕೆಂದು ಕೇಳಿದರೆ ನಾನು ಹೇಳಿದೆ ಅನ್ನು ಎಂದಳು. ಗುರುವಾರ ಅವಳು ಹ್ಯಾಮ್ ತರಲು ಪೇಟೆಗೆ ಹೋಗಿದ್ದಳು. ಬಂದು ಬಟ್ಟೆ ಸರಿಸಿ ಪೆಟ್ಟಿಗೆ ನೋಡಿದರೆ ಏಳೇ ಗೆರೆ. ಅವಳಿಗೆ ಕುಣಿದಾಡುವಷ್ಟು ಖುಷಿಯಾಯಿತು. ಟೈಗ್ ಬಂದು ಎಣ್ಣೆ ಸುರಿದು ಹೋದ ಮೇಲೂ ಏಳೇ ಎನ್ನುತ್ತಿದೆಯಲ್ಲ, ಇದು ಸುಳ್ಳು ಪೆಟ್ಟಿಗೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಪೂಜೆ ಒಂದು ಮುಗಿಯಲಿ, ಆಮೇಲೆ ಇವನ ಬಾವಲಿಗಳನ್ನು ನೋಡಿಕೊಳ್ಳುತ್ತೇನೆ ಎಂದು ಬಾಯಿ ಕಟ್ಟಿಕೊಂಡು ಕೂತಳು. ಅವಳು ಬಾಯಿ ಕಟ್ಟಿದ್ದು ಬಹಳ ಅಪರೂಪ. ಆ ಸಲ ಕಟ್ಟಬಾರದಾಗಿತ್ತು.

ಶನಿವಾರ ಬೆಳಿಗ್ಗೆ ಅವಳು ಸ್ಕೋನ್ ಎಂಬ ಸಿಹಿ ಬನ್ನುಗಳನ್ನು ಓವನ್ನಿಗೆ ಇಡುತ್ತಿದ್ದಾಗ ಬಾಯ್ಲರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಕೆಂಪು ಗುಂಡಿ ಒತ್ತಿದಳು. ಮತ್ತೆ ಕೆಮ್ಮಿತು, ಮತ್ತೆ ಸುಮ್ಮನಾಯಿತು. ಹಾಲು ಕರೆಯುವುದು ಮುಗಿಸಿ ಬಂದ ಫಿನ್‌ಬಾರ್ ಬೂಟನ್ನೂ ಬಿಚ್ಚದೆ ಬಾಯ್ಲರಿನ ಮುಂದೆ ಮಂಡಿಯೂರಿದ. ಮುಚ್ಚಳ ತೆಗೆದ, ಎಣ್ಣೆ ಚಿಮ್ಮುವ ಸೂಜಿಬಾಯಿ ಊದಿದ, ತಂತಿ ಎಳೆದು ನೋಡಿದ, ಬಾಯ್ಲರ್ ಮಾಡಿದ ಕಂಪನಿಯ ವಂಶವನ್ನೆಲ್ಲ ಬೈದ.

"ಎಣ್ಣೆ ಒಂದು ಬಿಟ್ಟು ಇನ್ನೇನೋ ಆಗಿದೆ. ಏಳು ಗೆರೆ ಇದೆ."

"ಎಣ್ಣೆ ಅಲ್ಲ ಬಿಡು," ಎಂದಳು ಡಿಂಪ್ನಾ. ಒಂದೇ ಒಂದು ಸಲ ಅವನ ಮಾತಿಗೆ ಒಪ್ಪಿದ್ದಳು. "ಗುರುವಾರ ತಾನೆ ಟೈಗ್ ಹಾಕಿ ಹೋಗಿದ್ದಾನೆ."

ಫಿನ್‌ಬಾರ್ ಊದುವುದನ್ನು ನಿಲ್ಲಿಸಿದ. ಎದ್ದು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ.

"ಹಾಕಿ ಹೋದ ತಾನೆ?" ಎಂದು ಡಿಂಪ್ನಾ ಮತ್ತೆ ಕೇಳಿದಳು.

"ಕ್ರಾಸಿನ ಹತ್ರ ಸಿಕ್ಕಿದ್ದ," ಎಂದ ಬಾಯ್ಲರಿನ ಕಡೆಗೆ. "ನಿಮ್ಮನೇಗೇ ಹೊರಟೆ ಅಂದ. ಏಳು ಗೆರೆ ಇದೆ ಮಾರಾಯ, ಬೇರೆ ಯಾರಿಗಾದ್ರೂ ಕೊಡು ಅಂತ ನಾನೇ ವಾಪಸ್ ಕಳಿಸ್ದೆ."

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂದು ಹಿರಿಯರು ಹೇಳುವುದು ಇಂಥವರನ್ನು ಕಂಡೇ ಇರಬೇಕು. ಡಿಂಪ್ನಾ ಗೋಡೆಗೆ ತೂಗುಹಾಕಿದ್ದ ಬ್ರೆಡ್ಡಿನ ಗರಗಸದ ಚಾಕು ತೆಗೆದುಕೊಂಡಳು. ಫಿನ್‌ಬಾರ್ ಗಾಬರಿಯಿಂದ ಎದ್ದು ನಿಂತ. ಅವಳು ಅವನನ್ನು ದಾಟಿ ಹಿತ್ತಲಿಗೆ ನಡೆದು, ಏಣಿ ಒರಗಿಸಿ, ತೊಟ್ಟಿ ಹತ್ತಿ, ಸೆನ್ಸರಿನ ಸುತ್ತಲಿನ ಅಂಟನ್ನು ಕೊಯ್ಯತೊಡಗಿದಳು.

"ಅಯ್ಯೋ ನಿಧಾನ, ಅದರ ಹೊಂದಿಕೆ ತಪ್ಪತ್ತೆ ಕಣೇ!"

"ಯಾವುದರ ಹೊಂದಿಕೆ?" ಎಂದಳು.

ಸೆನ್ಸರ್ ಕಳಚಿ ಬಂತು. ಅವಳು ಕಿಂಡಿಯಲ್ಲಿ ಇಣುಕಿದಳು. ಮೊದಲು ಕಂಡದ್ದು ಒಂದು ದಾರ. ಕಿಂಡಿಯ ಒಳಅಂಚಿಗೆ ಗಂಟು ಹಾಕಿ ಇಳಿಬಿಟ್ಟ ನೀಲಿ ದಾರ. ದಾರದ ತುದಿಗೆ, ತೊಟ್ಟಿಯ ಆಳದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಕೆಳಗೆ, ಏನೋ ತೂಗಾಡುತ್ತಿತ್ತು. ಎಳೆದಳು. ಕೈಗೆ ಬಂದದ್ದು ಲೂರ್ದ್ ಮಾತೆ. ಲೂರ್ದ್ ಎಂಬ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋದವರೆಲ್ಲ ತರುತ್ತಾರಲ್ಲ, ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ, ತಿರುಗಿಸಿ ತೆಗೆಯುವ ನೀಲಿ ಕಿರೀಟ, ಹೊಟ್ಟೆ ತುಂಬ ತೀರ್ಥ. ಮೈಯೆಲ್ಲ ಸೀಮೆಎಣ್ಣೆಯ ಜಿಡ್ಡು. ತೊಟ್ಟಿಯ ತಳದಲ್ಲಿ ಒಂದು ಬೊಗಸೆ ಕೆಸರೆಣ್ಣೆ ಬಿಟ್ಟರೆ ಬೇರೇನೂ ಇರಲಿಲ್ಲ.

ಸದ್ದು ಕೆಳಗಿಳಿದು ಮಾತೆಯ ಕಿರೀಟಕ್ಕೆ ತಾಗಿ ವಾಪಸು ಬರುತ್ತಿತ್ತು. ಎಣ್ಣೆ ಇಳಿದರೂ ಕಿರೀಟ ಇಳಿಯಲಿಲ್ಲ. ಅದಕ್ಕೇ ಏಳು.

"ಅಮ್ಮನದು," ಎಂದ ಫಿನ್‌ಬಾರ್ ಕೆಳಗಿನಿಂದ.

"ನಿನಗೆ ಗೊತ್ತಿತ್ತು."

"ಸೆನ್ಸರ್ ಹಾಕುವಾಗ ದಾರ ನೋಡ್ದೆ. ಆಗ ತೊಟ್ಟಿ ತುಂಬಿತ್ತು, ಬಾಟ್ಲಿ ಎಣ್ಣೆ ಒಳಗೆ ಮುಳುಗಿತ್ತು. ಗಂಟು ಸ್ವಲ್ಪ ಪಕ್ಕಕ್ಕೆ ಸರಿಸಿ ಕಟ್ಟಿದ್ದೆ."

"ತೆಗೆದಿಡಕ್ಕೆ ಏನಾಗಿತ್ತು?"

"ಅಮ್ಮ ಕಟ್ಟಿದ್ದು ಕಣೇ. ಎಣ್ಣೆ ಬತ್ತದೇ ಇರ್ಲಿ ಅಂತ. ಹೇಗೆ ತೆಗೀಲಿ?"

"ಬತ್ತಲೇ ಇಲ್ಲ ನೋಡು," ಎಂದಳು ಡಿಂಪ್ನಾ. "ಪೆಟ್ಟಿಗೇಲಿ."

ಅವಳು ಬಾಟಲಿ ಹಿಡಿದು ಏಣಿ ಇಳಿದಳು. ಸತ್ತು ಎರಡು ವರ್ಷವಾದರೂ ಅತ್ತೆ ಆ ತೊಟ್ಟಿಯೊಳಗೆ ತೂಗಾಡಿಕೊಂಡು ಮಗನ ಪರವಾಗಿ ಸಾಕ್ಷಿ ಹೇಳುತ್ತಿದ್ದಳು. ಅಳತೆ ಮಾಡುವ ಯಂತ್ರದ ಮಾತು ನಡೆಯಿತು, ಬತ್ತದಿರಲೆಂದು ಕಟ್ಟಿದ ಬಾಟಲಿಯ ಮಾತೂ ನಡೆಯಿತು. ಈ ಮನೆಯಲ್ಲಿ ನಡೆಯದೇ ಇದ್ದದ್ದು ಅವಳೊಬ್ಬಳ ಮಾತು. ಹಿತ್ತಲ ಗಿಡ ಮದ್ದಲ್ಲವಂತೆ, ಅಡುಗೆಮನೆಯ ಹೆಂಗಸೂ ಅಲ್ಲ.

ಟೈಗ್‌ಗೆ ಫೋನ್ ಮಾಡಿದರೆ ಅವನು ದೂರದ ಊರಿನಲ್ಲಿದ್ದ. ಮಧ್ಯಾಹ್ನ ಬರುತ್ತೇನೆ, ಅದಕ್ಕಿಂತ ಮುಂಚೆ ಆಗದು ಎಂದ. ಅಷ್ಟು ಹೊತ್ತಿಗೆ ಅಂಗಳದಲ್ಲಿ ಮೊದಲ ಕಾರು ಬಂದು ನಿಂತಿತ್ತು.

ಮೊದಲು ಬಂದವಳು ಪಕ್ಕದ ಮನೆಯ ನೋರೀನ್. ಎಲ್ಲಿಗೇ ಆಗಲಿ ಮೊದಲು ಬರುವುದು, ಕೊನೆಯಲ್ಲಿ ಹೋಗುವುದು, ನಡುವೆ ಕಂಡದ್ದನ್ನೆಲ್ಲ ಊರಿಗೆ ಹಂಚುವುದು ಅವಳ ವ್ರತ. ಡಿಂಪ್ನಾ ಕೋಟಿಗೆಂದು ಕೈ ಚಾಚಿದಳು. ನೋರೀನ್ ಒಂದು ಹೆಜ್ಜೆ ಒಳಗಿಟ್ಟು, ಗಾಳಿಯನ್ನು ಮೂಸುವವಳಂತೆ ನಿಂತು, ಮೇಲಿನ ಗುಂಡಿಯನ್ನೂ ಹಾಕಿಕೊಂಡಳು.

"ಏಳು ಗೆರೆ ಅಂದಿದ್ದ ಫಿನ್‌ಬಾರ್," ಎಂದಳು. "ಏಳು ಡಿಗ್ರಿ ಅಂತ ನನಗೆ ಗೊತ್ತಾಗ್ಲಿಲ್ಲ ನೋಡು."

"ಒಳಗೆ ಬಾ ನೋರೀನ್. ಟೀ ಬಿಸಿ ಇದೆ."

"ಅದಾದ್ರೂ ಇದೆಯಲ್ಲ."

ಕಿಟಕಿಯ ಕಟ್ಟೆಯ ಮೇಲೆ ಎಣ್ಣೆ ಮೆತ್ತಿಕೊಂಡಿದ್ದ ಮಾತೆಯನ್ನು ಕಂಡು ನೋರೀನ್ ಕೇಳಿದಳು, ಡಿಂಪ್ನಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ನೋರೀನ್ ಶಿಲುಬೆಯ ಗುರುತು ಮಾಡಿಕೊಂಡು, "ಹ್ಯಾನಿ ದೊಡ್ಡ ಭಕ್ತೆ. ನಮ್ಮ ತೊಟ್ಟಿಗೂ ಒಂದು ಕಟ್ಟಬೇಕು. ಬರೀ ಬಾಟ್ಲಿ ಸಾಕಾ, ಪೆಟ್ಟಿಗೇನೂ ಬೇಕಾ?" ಎಂದಳು. ಮುಂದಿನ ಕಾರಿನವರು ಒಳಗೆ ಬರುವ ಹೊತ್ತಿಗೆ ಅಂಗಳದಲ್ಲೇ ಎಲ್ಲರಿಗೂ ವಿಷಯ ಗೊತ್ತಾಗಿತ್ತು.

ಬಂದವರು ಬಂದರು, ಕೋಟು ಹಾಕಿಕೊಂಡೇ ಕೂತರು. ಹೊಸದಾಗಿ ಬಣ್ಣ ಬಳಿದ ಕೋಣೆಯಲ್ಲಿ ಜನರ ಉಸಿರು ಹೊಗೆಯಾಡುತ್ತಿತ್ತು. ಫಾದರ್ ಸೆಲೆಸ್ಟಿನ್ ನೈಜೀರಿಯದಿಂದ ಬಂದು ನಾಲ್ಕು ಚಳಿಗಾಲ ಕಳೆದಿದ್ದರೂ ಒಂದಕ್ಕೂ ಒಗ್ಗಿಕೊಂಡಿರಲಿಲ್ಲ. ಪೂಜೆಯ ಬಿಳಿ ಉಡುಪಿನ ಕೆಳಗೆ ಎರಡು ಸ್ವೆಟರ್ ತೊಟ್ಟು ಗುಂಡಗಾಗಿದ್ದರು. ಡಿಂಪ್ನಾ ಕ್ಷಮಿಸಿ ಎನ್ನಲು ಹೋದಾಗ, "ಪರವಾಗಿಲ್ಲ ತಾಯಿ, ಚರ್ಚಿಗಿಂತ ಬೆಚ್ಚಗೇ ಇದೆ" ಎಂದರು. ಚರ್ಚಿಗಿಂತ ಬೆಚ್ಚಗಿರುವುದು ಆ ಊರಿನಲ್ಲಿ ದನದ ಕೊಟ್ಟಿಗೆಗೂ ಸಾಧ್ಯ. ಅವಳಿಗೆ ಅಲ್ಲೇ ಕೂತು ಅತ್ತುಬಿಡೋಣ ಅನ್ನಿಸಿತು. ಅಳಲು ಪುರುಸೊತ್ತಿರಲಿಲ್ಲ, ಮೇಣದಬತ್ತಿ ಹಚ್ಚಬೇಕಿತ್ತು.

ಊಟದ ಮೇಜೇ ಬಲಿಪೀಠ. ಫಾದರ್ ಪೂಜೆ ಆರಂಭಿಸಿ, "ನಮ್ಮ ನಮ್ಮ ತಪ್ಪುಗಳನ್ನು ಮನಸ್ಸಿನಲ್ಲಿ ನೆನೆದುಕೊಳ್ಳೋಣ" ಎಂದು ತಲೆ ಬಾಗಿಸಿದರು. ಕೋಣೆಯೆಲ್ಲ ನಿಶ್ಶಬ್ದವಾಯಿತು. ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಫಿನ್‌ಬಾರ್ ಗಂಟಲು ಸರಿ ಮಾಡಿಕೊಂಡ.

"ಡಿಂಪ್ನಾ ಹೇಳಿದ್ಲು, ಫಾದರ್."

ಫಾದರ್ ಒಂದು ಕಣ್ಣು ತೆರೆದರು. ಮನಸ್ಸಿನಲ್ಲಿ ಎಂದರೆ ಮನಸ್ಸಿನಲ್ಲಿ ಎನ್ನುವುದು ಆ ಊರಿನವರಿಗೆ ಬ್ಯಾಪ್ಟಿಸಮ್ ಆದಾಗಿನಿಂದ ಗೊತ್ತು.

"ಎಣ್ಣೆ ಇಲ್ಲ, ಎಣ್ಣೆ ಇಲ್ಲ ಅಂತ ಬಡ್ಕೊಂಡ್ಲು. ನಾನು ಕೇಳ್ಲಿಲ್ಲ. ಗಾಡಿ ತರಿಸಿದ್ರೆ ಅದನ್ನೂ ವಾಪಸ್ ಕಳಿಸ್ದೆ. ನೀವೆಲ್ಲ ಚಳೀಲಿ ಕೂತಿರೋದು ನನ್ನಿಂದ. ಅವಳಿಂದಲ್ಲ."

ಕಿಟಕಿಯ ಪಕ್ಕದಿಂದ ನೋರೀನಳ ಗಂಡ, "ಗಂಡಸರೆಲ್ಲ ಹೀಗೆ ಬಾಯಿಬಿಟ್ಟು ಶುರು ಮಾಡಿದ್ರೆ ನಾಳೆ ಭಾನುವಾರದ ಪೂಜೇನೂ ಇಲ್ಲೇ ಆಗತ್ತೆ ಫಾದರ್" ಎಂದ. ಕೋಣೆ ಗೊಳ್ಳೆಂದಿತು. ಫಾದರ್ ನಗು ತಡೆದುಕೊಂಡು, "ದೇವರು ಕ್ಷಮಿಸುತ್ತಾನೆ ಫಿನ್‌ಬಾರ್. ಮನೆಯೊಡತಿಯ ಪರವಾಗಿ ನಾನು ಮಾತು ಕೊಡಲಾರೆ" ಎಂದು ಪೂಜೆ ಮುಂದುವರಿಸಿದರು.

ಎಲ್ಲರ ಕಣ್ಣೂ ಡಿಂಪ್ನಾಳ ಮೇಲೆ. ಅವಳು ಕರಗಿ ನೀರಾಗುತ್ತಾಳೆ ಎಂದುಕೊಂಡಿದ್ದರೇನೋ. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ವರ್ಷ ಕಾದದ್ದು ಈ ಮಾತಿಗೇ, ನಿಜ. ಆದರೆ ಆಡಿದ್ದು ಯಾರಿಗೆ? ಫಾದರಿಗೆ. ನೋರೀನಳಿಗೆ. ನೋರೀನಳ ಗಂಡನಿಗೆ. ಬೆಳಗಿನಿಂದ ಹಿತ್ತಲಲ್ಲಿ, ಅಡುಗೆಮನೆಯಲ್ಲಿ, ಕುರ್ಚಿ ಹೊರುವಾಗ, ಇಬ್ಬರೇ ಇದ್ದಾಗ ಬಾಯಿಂದ ಹೊರಡದ ಮಾತು ಊರು ಸೇರಿದ ಮೇಲೆ ಡಂಗುರವಾಗಿ ಹೊರಟಿತು. ಈಗ ಊರು ಇವನನ್ನು ದೊಡ್ಡ ಮನಸ್ಸಿನವನು ಎನ್ನುತ್ತದೆ, ಪೂಜೆಯ ನಡುವೆ ತಪ್ಪೊಪ್ಪಿಕೊಂಡವನು ಎಂದು ತಲೆತಲಾಂತರ ಕಥೆ ಹೇಳುತ್ತದೆ. ಮನೆ ತಣ್ಣಗಿತ್ತು ಎಂಬುದು ಮಾತ್ರ ಅವಳ ಹೆಸರಿಗೇ ಉಳಿಯುತ್ತದೆ.

ಪೂಜೆ ಮುಗಿಯಿತು. ಹ್ಯಾಮ್, ಸ್ಕೋನ್, ಸೇಬಿನ ಕಡುಬು, ಟೀ ಮೇಲೆ ಟೀ. ಹ್ಯಾಮ್ ಹದವಾಗಿತ್ತು, ಎಲ್ಲರೂ ಎರಡನೆಯ ಸಲ ಹಾಕಿಸಿಕೊಂಡರು. ಜನ ನಕ್ಕರು, ಹಾಡಿದರು, ಹೊರಡುವ ಆತುರ ಯಾರಿಗೂ ಇದ್ದಂತಿರಲಿಲ್ಲ. ಕೋಟನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಡಿಂಪ್ನಾ ನಗುನಗುತ್ತಾ ಬಡಿಸಿದಳು, ಗಂಡನ ಕಪ್ಪಿಗೆ ಮಾತ್ರ ಟೀ ಬಗ್ಗಿಸಲು ಮರೆತಳು.

ಕೊನೆಯವರನ್ನು ಕಳಿಸಲು ಅವಳು ಅಂಗಳಕ್ಕೆ ಬರುವಾಗ ಟೈಗ್‌ನ ಗಾಡಿ ಹಿಮ್ಮುಖವಾಗಿ ಗೇಟಿನೊಳಗೆ ಬರುತ್ತಿತ್ತು. ಟೈಗ್ ಇಳಿದು ಪೈಪು ಬಿಚ್ಚಿಕೊಂಡು ಹಿತ್ತಲಿಗೆ ನಡೆದ. ಫಿನ್‌ಬಾರ್ ಬೀಗ ತೆಗೆದುಕೊಟ್ಟು ತೊಟ್ಟಿಯ ಪಕ್ಕ ನಿಂತ.

"ಎಷ್ಟು ಹಾಕ್ಲಿ ಫಿನ್‌ಬಾರ್?"

ಫಿನ್‌ಬಾರ್ ಹೆಂಡತಿಯ ಕಡೆ ಕೈ ತೋರಿಸಿದ.

"ಅವಳನ್ನ ಕೇಳು."

ಟೈಗ್ ಅವಳ ಕಡೆ ತಿರುಗಿದ. ಎಷ್ಟು ಎಂಬುದು ಅವಳಿಗೆ ವಾರಗಳಿಂದ ಬಾಯಿಪಾಠವಾಗಿತ್ತು. ಆದರೆ ಅವಳು ಅದನ್ನು ಹೇಳಲಿಲ್ಲ.

"ಸ್ವಲ್ಪ ತಡಿ ಟೈಗ್. ಇವನು ನಂಗೆ ಒಂದು ಮಾತು ಹೇಳೋದಿದೆ."

"ಏನು ಮಾತು?" ಎಂದ ಫಿನ್‌ಬಾರ್.

"ಫಾದರಿಗೆ ಹೇಳಿದ್ದು."

"ನೀನೂ ಅಲ್ಲೇ ಇದ್ದೆಯಲ್ಲ ಮಾರಾಯ್ತಿ. ಕೇಳಿಸ್ಕೊಂಡೆಯಲ್ಲ."

"ನೀನು ಅವರಿಗೆ ಹೇಳಿದ್ದನ್ನ ಕೇಳಿಸ್ಕೊಂಡೆ. ನನಗೆ ಯಾರೂ ಏನೂ ಹೇಳಿಲ್ಲ."

ಟೈಗ್ ಬುದ್ಧಿವಂತ. ಪೈಪನ್ನು ನೆಲಕ್ಕಿಟ್ಟು, ಗಾಡಿಯ ಚಕ್ರಕ್ಕೆ ಏನೋ ಆದಂತೆ ಆ ಕಡೆ ಹೋಗಿ ಬಗ್ಗಿ ನೋಡುತ್ತಾ ನಿಂತ. ಫಿನ್‌ಬಾರ್ ತೊಟ್ಟಿ ನೋಡಿದ, ಬೇಲಿ ನೋಡಿದ, ತನ್ನ ಬೂಟು ನೋಡಿಕೊಂಡ. ಊರಿಡೀ ಕಿವಿಗೊಟ್ಟು ಕೂತಿದ್ದಾಗ ನೀರು ಕುಡಿದಷ್ಟು ಸಲೀಸಾಗಿ ಬಂದ ಮಾತು ಒಬ್ಬಳೇ ಹೆಂಗಸಿನ ಮುಂದೆ ಹೊರಡಲೊಲ್ಲದಾಯಿತು. ಮುಖ ಕೆಂಪಾಯಿತು. ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಮ್ಮನ ಮಣ್ಣಿಗೆ ಹೋದ ದಿನ ಬಿಟ್ಟರೆ ಅವನು ಅಂಗಳದಲ್ಲಿ ಟೋಪಿ ತೆಗೆದದ್ದನ್ನು ಅವಳು ನೋಡಿರಲಿಲ್ಲ. ಅವಳು ಕಾದಳು. ಸಹಾಯ ಮಾಡಲಿಲ್ಲ.

"ನೀನು ಹೇಳಿದ್ದೇ ಸರಿ ಇತ್ತು ಡಿಂಪ್ನಾ," ಎಂದ, ಬಹಳ ಸಣ್ಣ ದನಿಯಲ್ಲಿ. ಟೋಪಿಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, "ಆ ಹ್ಯಾಮೂ ಉಪ್ಪಾಗಿತ್ತು. ಅಮ್ಮ ಮಾಡಿದ್ದು. ನಾನು ಅವತ್ತೇ ಹೇಳ್ಬೇಕಿತ್ತು."

ಹನ್ನೊಂದು ವರ್ಷದ ಹಿಂದಿನ ಆ ಹ್ಯಾಮ್ ಅವನಿಗೆ ನೆನಪಿದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬೆಳಗಿನಿಂದ ಹಿಡಿದಿಟ್ಟುಕೊಂಡಿದ್ದ ಅಳು ಈಗ ಯಾರ ಅಪ್ಪಣೆಯನ್ನೂ ಕೇಳದೆ ಬಂತು. ಅವಳು ಮುಖ ತಿರುಗಿಸಲಿಲ್ಲ, ಅವನು ನೋಡಲೆಂದು ಹಾಗೇ ನಿಂತಳು.

"ಟೈಗ್," ಎಂದು ಕರೆದಳು ಕೊನೆಗೆ, "ತುಂಬಿಸಪ್ಪ. ಬಾಯಿಮಟ್ಟ ತುಂಬಿಸು."